ಎರಡು ಮೀಟರ್ ನಲವತ್ತರ ಗೋಡೆ

ಕಳೆದ ಡಿಸೆಂಬರಿನಲ್ಲಿ ಒಂದು ವಾರದ ಮಟ್ಟಿಗೆ ಸೌದಿಯ ಖೋಬಾರಿಗೆ ಹೋಗಿದ್ದೆ. ನನ್ನ ಗಂಡ ಸ್ಟ್ಯಾನಿ ಜುಬೈಲಿನ ಕೆಲಸ ಮುಗಿಸಿ ಊರಿಗೆ ಬರುವವರಿದ್ದರು. ಥುಕ್ಬಾ ಬಡಾವಣೆಯ ನಮ್ಮ ಫ್ಲ್ಯಾಟಿನ ಸಾಮಾನು ಕಟ್ಟುವ ಕೆಲಸವಿತ್ತು. ಒಂದು ಬೆಳಿಗ್ಗೆ ಹಾಲು ತರಲೆಂದು ಹೊರಟವಳು ಹಾಗೇ ನಡೆಯುತ್ತ ಹಳೆ ಪೇಟೆಯ ಕಡೆಗೆ ಹೋದೆ. ಹಳೆ ಪೇಟೆ ಎನ್ನುವುದು ಬಾಯಿ ಮಾತಿಗಷ್ಟೇ. ಈಗ ಅಲ್ಲಿ ಅಗಲವಾದ ಕಾಲುದಾರಿ, ಅಳತೆ ಹಿಡಿದು ನೆಟ್ಟ ಖರ್ಜೂರದ ಮರಗಳು, ಗಾಜಿನ ಅಂಗಡಿಗಳು. ಒಬ್ಬ ಕಾಫಿ ಅಂಗಡಿಯವನು ಆಗಷ್ಟೇ ಶಟರ್ ಎತ್ತಿ ಏಸಿ ಹಾಕಿದ. ಬಹಳ ದಿನ ಮುಚ್ಚಿಟ್ಟ ಏಸಿಯಿಂದ ಮೊದಲು ಬರುವ ಗಾಳಿಗೊಂದು ವಾಸನೆ ಇರುತ್ತದಲ್ಲ, ಒದ್ದೆ ಧೂಳು, ತುಕ್ಕು, ಹಳೆ ಸೀಮೆಸುಣ್ಣ ಎಲ್ಲ ಸೇರಿದಂಥದ್ದು, ಅದು ಮುಖಕ್ಕೆ ಬಡಿಯಿತು. ನಾನು ನಿಂತುಬಿಟ್ಟೆ. ಎದುರಿನ ಮಸೀದಿಯ ಮಿನಾರದಿಂದ ಅಂದಾಜು ಹಾಕಿದರೆ ನಾನು ನಿಂತಿದ್ದ ಜಾಗ ಹೆಣ್ಣುಮಕ್ಕಳ ಹಳೆಯ ಕಾಲೇಜಿನ ವಿಜ್ಞಾನ ವಿಭಾಗ. ಆ ಕಾಲೇಜನ್ನು ಮೂಲೆ ಮೂಲೆ ಬಿಡದೆ ಅಳೆದವಳು ನಾನು. ಅದರ ನಕ್ಷೆಯಲ್ಲಿ ತಿಳಿದೂ ತಿಳಿದೂ ಒಂದು ಸುಳ್ಳು ಬರೆದವಳೂ ನಾನೇ.

ನಾನು ಕಲ್ಯಾಣಪುರದವಳು. ಸಿವಿಲ್ ಡಿಪ್ಲೊಮಾ ಮಾಡಿ, ಉಡುಪಿಯಲ್ಲಿ ಕೆಲವು ವರ್ಷ ಮನೆಗಳ ಪ್ಲಾನ್ ಬಿಡಿಸಿ, ಮದುವೆಯಾದ ಮೇಲೆ ಸೌದಿಗೆ ಹೋದೆ. ಖೋಬಾರಿನ ಒಂದು ಸಣ್ಣ ಕಚೇರಿಯಲ್ಲಿ ನನ್ನ ಕೆಲಸದ ಹೆಸರು ಡ್ರಾಫ್ಟ್ಸ್‌ಮನ್. ಹೆಂಗಸಾದರೂ ಕಾಗದದಲ್ಲಿ ಹಾಗೇ ಇತ್ತು. ಸ್ಟ್ಯಾನಿ ವಾರವಿಡೀ ಜುಬೈಲಿನ ಕ್ಯಾಂಪಿನಲ್ಲಿದ್ದು ಗುರುವಾರ ಸಂಜೆ ಕಂಪನಿ ಬಸ್ಸಿನಲ್ಲಿ ಮನೆಗೆ ಬರುತ್ತಿದ್ದರು.

ಕೆಲವು ವರ್ಷಗಳ ಹಿಂದಿನ ಆ ಬೇಸಿಗೆಯಲ್ಲಿ ಹಳೆ ಪೇಟೆಯನ್ನು ಕೆಡವಿ ಹೊಸದಾಗಿ ಕಟ್ಟುವ ಯೋಜನೆ ಶುರುವಾಗಿತ್ತು. ಮನೆಗಳ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಒಂದು ಅಕ್ಷರ, ಒಂದು ಅಂಕಿ ಬರೆಯುತ್ತಿದ್ದರು. ಬರೆದ ಕೆಲವೇ ದಿನಗಳಲ್ಲಿ ಆ ಮನೆ ಖಾಲಿಯಾಗುತ್ತಿತ್ತು. ನಾವು ಕೆಲಸಕ್ಕೆ ಹೋಗುವ ಹೊತ್ತಿಗೆ ಕ್ಷೌರದ ಅಂಗಡಿ, ರೊಟ್ಟಿಯ ಬೇಕರಿ, ಬಟ್ಟೆ ಹೊಲಿಯುವವರ ಸಾಲು ಎಲ್ಲ ಮುಚ್ಚಿ, ಬೀದಿಯಲ್ಲಿ ಬೆಕ್ಕುಗಳು ಮಾತ್ರ ಉಳಿದಿದ್ದವು. ನಡುವೆ ಆ ಕಾಲೇಜು. ವಿದ್ಯಾರ್ಥಿನಿಯರು ಊರ ಹೊರಗಿನ ಹೊಸ ಕ್ಯಾಂಪಸ್ಸಿಗೆ ಹೋಗಿ ಎರಡು ವರ್ಷವಾಗಿತ್ತು. ಕೆಡವುವ ಮೊದಲು ದಾಖಲೆಗೆಂದು ಇಡೀ ಕಟ್ಟಡವನ್ನು ಅಳೆದು ನಕ್ಷೆ ಮಾಡಿಡಬೇಕೆಂದು ಆದೇಶವಿತ್ತು. ಆ ಕೆಲಸ ನಮ್ಮ ಕಚೇರಿಗೆ ಬಂತು.

ನಾವು ಮೂವರು. ಕೆಲಸದ ಹೊಣೆ ಹೊತ್ತ ನೌರಾ ಅಲ್ಲಿಯದೇ ಹುಡುಗಿ, ಆರ್ಕಿಟೆಕ್ಚರ್ ಓದಿ ಹೊರಬಂದು ವರ್ಷವಾಗಿರಲಿಲ್ಲ. ಅವಳ ತಾಯಿ ಓದಿದ್ದು ಇದೇ ಕಾಲೇಜಿನಲ್ಲಿ. ಎರಡನೆಯವಳು ನಾನು. ಮೂರನೆಯವರು ಹಮೀದಾಕ, ಉಪ್ಪಿನಂಗಡಿ ಕಡೆಯ ಬ್ಯಾರಿ, ಐವತ್ತು ದಾಟಿದವರು. ಗಾಡಿ ಓಡಿಸುವುದು, ಟೇಪಿನ ಇನ್ನೊಂದು ತುದಿ ಹಿಡಿಯುವುದು ಅವರ ಕೆಲಸ. ಅವರ ಮನೆಮಾತು ಬ್ಯಾರಿ, ನನ್ನದು ಕೊಂಕಣಿ. ನಮ್ಮಿಬ್ಬರ ನಡುವೆ ನಡೆಯುತ್ತಿದ್ದದ್ದು ಕನ್ನಡ. ನಮ್ಮ ಕಡೆ ಕ್ರಿಸ್ತುವ ಹೆಂಗಸರನ್ನು ಕರೆಯುವ ಹಾಗೆ ಅವರು ನನ್ನನ್ನು 'ಬಾಯಿ' ಎನ್ನುತ್ತಿದ್ದರು.

ಆ ಕಟ್ಟಡವನ್ನು ಮೊದಲ ಸಲ ನೋಡಿದಾಗ ನನಗೆ ಉಸಿರು ಕಟ್ಟಿದಂತಾಯಿತು. ಸುತ್ತ ಎರಡಾಳೆತ್ತರದ ಗೋಡೆ. ಬೀದಿಯ ಕಡೆಗೆ ಒಂದೇ ಒಂದು ಕಿಟಕಿ ಇಲ್ಲ. ದೊಡ್ಡ ಬಾಗಿಲಿನ ಒಳಗೆ ಕಾಲಿಟ್ಟರೆ ಎದುರಿಗೆ ಇನ್ನೊಂದು ಗೋಡೆ. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಹೋದರೆ ಎರಡನೆಯ ಬಾಗಿಲು. ಹೊರಗೆ ನಿಂತವರ ಕಣ್ಣು ಒಳಗಿನವರ ಮೇಲೆ ಬೀಳಬಾರದೆಂದು ಹಾಗೆ ಕಟ್ಟಿದ್ದರು. ಆ ಎರಡು ಬಾಗಿಲುಗಳ ನಡುವೆ ಕಾವಲುಗಾರನ ಕೋಣೆ. ಅದನ್ನು ದಾಟಿದ ಮೇಲೆ ಮಾತ್ರ ಕಟ್ಟಡ ತನ್ನ ಮುಖ ತೋರಿಸುತ್ತಿತ್ತು: ಒಂದರ ಹಿಂದೆ ಒಂದು ಮೂರು ಅಂಗಳ, ಸುತ್ತ ಕಮಾನಿನ ಕಾರಿಡಾರು, ಬಿಸಿಲನ್ನು ಸಣ್ಣ ಸಣ್ಣ ಚೂರು ಮಾಡಿ ನೆಲದ ಮೇಲೆ ಚೆಲ್ಲುವ ಕಾಂಕ್ರೀಟಿನ ಜಾಲಂಧ್ರ. ಚಂದದ ಕಟ್ಟಡವೇ. ಆದರೆ ಅಲ್ಲಿದ್ದ ಕಿಟಕಿಗಳೆಲ್ಲ ಒಳಮುಖ. ಯಾವ ಕೋಣೆಯಲ್ಲಿ ನಿಂತರೂ ಅಂಗಳದಾಚೆಯ ಇನ್ನೊಂದು ಕೋಣೆಯ ಕಿಟಕಿ ನಮ್ಮನ್ನೇ ನೋಡುತ್ತಿರುತ್ತಿತ್ತು.

ಕಾವಲುಗಾರ ಅಬು ಸಾಲೆಹ್ ಆ ಬಾಗಿಲಲ್ಲೇ ಮುದುಕರಾದವರು. ಕಾಲೇಜು ಹೋದರೂ ಕೀಲಿಕೈ ಅವರ ಬಳಿಯೇ ಇತ್ತು. ಹಮೀದಾಕ ಒಳಗೆ ಹೆಜ್ಜೆ ಇಡುವ ಮೊದಲು ಈ ಮುದುಕರು ಎರಡನೆಯ ಬಾಗಿಲ ಬಳಿ ನಿಂತು, ಬಾಯಿಗೆ ಕೈ ಅಡ್ಡ ಹಿಡಿದು, "ತರೀಕ್! ತರೀಕ್!" ಎಂದು ಕೂಗುತ್ತಿದ್ದರು. ದಾರಿ ಬಿಡಿ, ಗಂಡಸರು ಬರುತ್ತಿದ್ದಾರೆ ಎಂದು ಹೆಂಗಸರಿಗೆ ಹೇಳುವ ಕ್ರಮ ಅದು. ಕೂಗಿ, ಒಂದು ನಿಮಿಷ ಕಾದು, ಆಮೇಲೆ ಬಿಡುತ್ತಿದ್ದರು.

"ಯಾರಿಗೆ ಬಾಯಿ ಇವರು ಹೇಳುದು? ಒಳಗೆ ಒಂದು ನರಪಿಳ್ಳೆ ಇಲ್ಲ," ಎಂದು ಹಮೀದಾಕ ನನ್ನ ಹತ್ತಿರ ಪಿಸುಗುಟ್ಟಿದರು.

"ಅಭ್ಯಾಸ ಅಲ್ವಾ ಹಮೀದಾಕ. ಇಷ್ಟು ವರ್ಷದ್ದು."

"ಅಭ್ಯಾಸ ಆದ್ರೆ ಕೂಗ್ಲಿ ಮಾರಾಯ್ರೆ. ಕೂಗಿದ ಮೇಲೆ ಕಿವಿ ಕೊಟ್ಟು ನಿಲ್ಲುದು ಎಂತಕ್ಕೆ?"

ನಾನು ನಕ್ಕೆ. ಆದರೆ ಮರುದಿನದಿಂದ ನಾನೂ ಆ ಒಂದು ನಿಮಿಷದಲ್ಲಿ ಕಿವಿ ಕೊಟ್ಟು ನಿಲ್ಲತೊಡಗಿದೆ.

ಬೇಸಿಗೆಯಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂಬ ನಿಯಮ. ನಾವು ಬೆಳಿಗ್ಗೆ ಆರಕ್ಕೇ ಬಂದು ಹನ್ನೆರಡಕ್ಕೆ ಹೊರಟು ಮೂರರ ನಂತರ ಮತ್ತೆ ಬರುತ್ತಿದ್ದೆವು. ವಿದ್ಯುತ್ತು ಕಡಿದಿತ್ತು. ತರಗತಿಗಳಲ್ಲಿ ಬೋರ್ಡಿನ ಮೇಲೆ ಅರ್ಧ ಬಿಡಿಸಿದ ಸಮೀಕರಣ, ಕಿಟಕಿಯ ಕಟ್ಟೆಯ ಮೇಲೆ ತಲೆಪಿನ್ನು, ಪ್ರಾರ್ಥನೆಯ ಕೋಣೆಯಲ್ಲಿ ಮಡಚಿಟ್ಟ ಚಾಪೆಗಳು. ಎಲ್ಲದರ ಮೇಲೂ ಬೆರಳು ಮುಳುಗುವಷ್ಟು ಧೂಳು. ಮೂರನೆಯ ಅಂಗಳದ, ಅಂದರೆ ವಿಜ್ಞಾನ ವಿಭಾಗದ, ಕಾರಿಡಾರಿನಲ್ಲಿ ಮಾತ್ರ ಧೂಳು ಇರಲಿಲ್ಲ. ನಾನು ಅದನ್ನು ನೌರಾಳಿಗೆ ತೋರಿಸಿದೆ.

"ಗಾಳಿಯ ದಿಕ್ಕು ಇರಬಹುದು," ಎಂದಳು ಅವಳು. ಹೇಳಿದವಳು ಬಗ್ಗಿ ನೆಲ ಮುಟ್ಟಿ ನೋಡಿಕೊಂಡಳು.

ಪ್ರತಿ ಕಾರಿಡಾರಿನ ಮೂಲೆಯಲ್ಲೂ ಬೂದು ಬಣ್ಣದ ಒಂದೊಂದು ಧ್ವನಿವರ್ಧಕವಿತ್ತು. ಅದೇಕೆಂದು ಕೇಳಿದಾಗ ನೌರಾ ಅಮ್ಮ ಹೇಳಿದ ಕತೆ ಹೇಳಿದಳು. ಆಗೆಲ್ಲ ಮಧ್ಯಾಹ್ನ ಹುಡುಗಿಯರು ಮುಖ ಮುಚ್ಚಿಕೊಂಡು ಕಾಯುವ ಹಜಾರದಲ್ಲಿ ಕೂತಿರಬೇಕು. ಅಪ್ಪನೋ ಅಣ್ಣನೋ ಗಾಡಿ ತಂದು ಬಾಗಿಲಲ್ಲಿ ಹೆಸರು ಹೇಳಿದರೆ ಕಾವಲುಗಾರ ಮೈಕಿನಲ್ಲಿ ಕರೆಯುತ್ತಿದ್ದ. ಹುಡುಗಿಯ ಹೆಸರಲ್ಲ, ಅಪ್ಪನ ಹೆಸರು. ಇಂಥವರ ಮಗಳು, ಬಾಗಿಲಿಗೆ ಬಾ. "ಕರೆಯದೆ ಹೊರಗೆ ಹೋಗುವಂತಿಲ್ಲ. ಒಂದು ಸಲ ಅಜ್ಜ ಮರೆತುಬಿಟ್ಟಿದ್ದರಂತೆ. ಎಲ್ಲರೂ ಹೋಗಿ ಅಮ್ಮ ಒಬ್ಬಳೇ ಸಂಜೆಯವರೆಗೆ ಕೂತಿದ್ದಳಂತೆ. ಟೀ ಕೊಡುವ ಹೆಂಗಸು ಬಂದು ಜೊತೆಗೆ ಕೂತಳಂತೆ," ಎಂದಳು.

ಜುಲೈ ತಿಂಗಳ ಒಂದು ದಿನ ಬೆಳಿಗ್ಗೆಯಿಂದಲೇ ಮರಳುಗಾಳಿ. ಆಕಾಶ, ಗೋಡೆ, ನೆಲ ಎಲ್ಲ ಒಂದೇ ಹಳದಿ. ನೌರಾಳಿಗೆ ಕಚೇರಿಯಿಂದ ಕರೆ ಬಂತು. ಹಮೀದಾಕ ಅವಳನ್ನು ಬಿಟ್ಟುಬರಲು ಹೋದರು. ನಾನು ಎರಡನೆಯ ಅಂಗಳದ ಗ್ರಂಥಾಲಯದಲ್ಲಿ ಕೂತು ಅಳತೆಯ ಹಾಳೆಗಳನ್ನು ಸರಿಮಾಡುತ್ತಿದ್ದೆ. ಗಂಟೆ ಒಂದಾಗಿತ್ತು. ತಲೆಯ ಮೇಲಿನ ಧ್ವನಿವರ್ಧಕ ಕರ್ ಎಂದಿತು. ನಾನು ತಲೆ ಎತ್ತುವಷ್ಟರಲ್ಲಿ ಗಂಡಸಿನ ಧ್ವನಿ, ನಿಧಾನವಾಗಿ, ಮರ್ಯಾದೆಯಿಂದ ಕರೆಯಿತು:

"ಬಿಂತ್ ಯೂಸುಫ್... ಬಿಂತ್ ಯೂಸುಫ್..."

ಯೂಸುಫನ ಮಗಳು. ಎರಡೇ ಸಲ. ಆಮೇಲೆ ಮರಳು ಗೋಡೆಗೆ ಉಜ್ಜುವ ಸದ್ದು ಬಿಟ್ಟು ಬೇರೆ ಏನೂ ಇಲ್ಲ. ಎದ್ದು ಹೋಗಿ ನೋಡುವ ಧೈರ್ಯವೂ ಬರಲಿಲ್ಲ, ಕೂತಿರುವುದಕ್ಕೂ ಆಗಲಿಲ್ಲ. ಹತ್ತು ನಿಮಿಷ ಕಳೆದು ಕಾರಿಡಾರಿಗೆ ಬಂದೆ. ಆಗಷ್ಟೇ ಕೂತ ನಯವಾದ ಮರಳಿನ ಮೇಲೆ ಬರಿಗಾಲಿನ ಗುರುತು. ಸಣ್ಣ ಪಾದ. ಬಾಗಿಲ ಕಡೆಗೆ ಹೋಗಿತ್ತು, ವಾಪಸು ಬಂದಿರಲಿಲ್ಲ.

ಮೂರಕ್ಕೆ ನೌರಾ ಬಂದಾಗ ಗುರುತುಗಳ ಮೇಲೆ ಮತ್ತೆ ಮರಳು ಕೂತಿತ್ತು. ಅವಳು ಅಬು ಸಾಲೆಹರನ್ನು ಕೇಳಿದಳು. ಮುದುಕರು ನನ್ನ ಮುಖ ನೋಡದೆ, "ಮೈಕ್ ಕೆಟ್ಟು ಎರಡು ವರ್ಷವಾಯಿತು ಮಗಳೇ. ಕರೆಂಟೇ ಇಲ್ಲವಲ್ಲ," ಎಂದರು. ಹಮೀದಾಕ ಮಾತ್ರ ಅಂದಿನಿಂದ ಒಳಗೆ ಬರುವಾಗ ತುಟಿ ಅಲ್ಲಾಡಿಸುತ್ತ ಏನೋ ಓದಿಕೊಳ್ಳುತ್ತಿದ್ದರು.

"ಬಾಯಿ, ಖಾಲಿ ಮನೆಯನ್ನು ಜಿನ್ನ್ ಬಿಡುದಿಲ್ಲ. ನೀವು ನಂಬುದಾದ್ರೆ ನಂಬಿ, ಬಿಟ್ರೆ ಬಿಡಿ. ಒಬ್ಬರೇ ಮಾತ್ರ ಕೂರ್ಬೇಡಿ ಇನ್ನು."

ಅದಾಗಿ ವಾರವೂ ಕಳೆದಿರಲಿಲ್ಲ. ವಿಜ್ಞಾನ ವಿಭಾಗ ಅಳೆಯುತ್ತಿದ್ದೆವು. ಲೇಸರ್ ಅಳತೆ ಯಂತ್ರ ಸೆಖೆಗೆ ಕೈಕೊಟ್ಟಿತ್ತು. ಹಳೆಯ ಉಕ್ಕಿನ ಟೇಪ್ ಹಿಡಿದಿದ್ದೆವು. ನಮ್ಮದೊಂದು ಕ್ರಮವಿತ್ತು: ನಾನು ಅಳತೆ ಗಟ್ಟಿಯಾಗಿ ಹೇಳಬೇಕು, ಹಮೀದಾಕ ಅದನ್ನು ತಿರುಗಿ ಹೇಳಬೇಕು, ಆಮೇಲೆ ನಾನು ಬರೆಯಬೇಕು. ತಪ್ಪು ಆಗದಿರಲಿ ಎಂದು. ಭೌತಶಾಸ್ತ್ರ ಪ್ರಯೋಗಾಲಯದ ಕೊನೆಯ ಗೋಡೆಯಲ್ಲಿ ಟೇಪಿನ ಕೊಕ್ಕೆಯನ್ನು ಒಂದು ಮೊಳೆಗೆ ಸಿಕ್ಕಿಸಿ, ಗೋಡೆಗೆ ಸಾಲಾಗಿ ನಿಲ್ಲಿಸಿದ್ದ ಉಕ್ಕಿನ ಕಪಾಟುಗಳ ಮುಂದೆ ಬಗ್ಗಿ ಓದುತ್ತಿದ್ದೆ.

"ಆರು ಮೀಟರ್ ಇಪ್ಪತ್ತೆಂಟು."

"ಇಪ್ಪತ್ತೆಂಟು."

"ಕಂಬದವರೆಗೆ ಒಂದು ಎಪ್ಪತ್ತು."

"ಒಂದು ಎಪ್ಪತ್ತು."

ಧ್ವನಿ ಸಣ್ಣಗಿತ್ತು, ಒಣಗಿತ್ತು. ಕೋಣೆಯ ಗುಣ ಇರಬೇಕೆಂದುಕೊಂಡು ಬರೆದುಕೊಂಡೆ. ಮೂರನೆಯದು ಹೇಳುವ ಮೊದಲು ಹಮೀದಾಕ ಎರಡು ನೀರಿನ ಬಾಟಲಿ ಹಿಡಿದುಕೊಂಡು ಅಂಗಳ ದಾಟಿ ಬರುವುದು ಕಿಟಕಿಯಲ್ಲಿ ಕಂಡಿತು.

"ನೀವು... ಇಲ್ಲಿ ಇರಲಿಲ್ವಾ?"

"ಎಂತ ಬಾಯಿ? ನೀರು ತರ್ತೇನೆ ಅಂತ ನಿಮಗೆ ಹೇಳಿಯೇ ಹೋದದ್ದಲ್ಲ ನಾನು?"

ನನ್ನ ಕೈಯಿಂದ ಟೇಪ್ ಬಿಟ್ಟುಹೋಗಿ ಚಾವಟಿಯಂತೆ ಸುತ್ತಿಕೊಂಡಿತು. ಹಮೀದಾಕನಿಗೆ ವಿಷಯ ಹೇಳಿದರೆ ಕೆಲಸ ಬಿಟ್ಟು ಓಡುತ್ತಾರೆಂದು ಸುಮ್ಮನಾದೆ. ಹಾಳೆಯ ಮೇಲೆ ಆ ಎರಡು ಅಳತೆಗಳಿದ್ದವು. ಸರಿಯಾಗಿಯೇ ಇದ್ದವು. ಖಾಲಿ ಕಟ್ಟಡದಲ್ಲಿ ನನ್ನ ಮಾತಿನ ಹಿಂದೆಯೇ ಯಾರೋ ಕನ್ನಡದಲ್ಲಿ ಅಂಕಿ ಹೇಳಿದ್ದರು. ಜಿನ್ನ್ ಇದ್ದರೂ ಅದಕ್ಕೆ ಕನ್ನಡ ಹೇಗೆ ಬಂತು ಎಂದು ಯೋಚಿಸುತ್ತ ಆ ಇಡೀ ವಾರ ನಾನು ಸರಿಯಾಗಿ ಉಣ್ಣಲಿಲ್ಲ.

ಕಚೇರಿಯಲ್ಲಿ ಕಂಪ್ಯೂಟರಿಗೆ ಅಳತೆ ಹಾಕುವಾಗ ವಿಜ್ಞಾನ ವಿಭಾಗ ಕೂಡಿಬರಲಿಲ್ಲ. ಹೊರಗಿನಿಂದ ಅಳೆದರೆ ನಲವತ್ತೊಂದು ಮೀಟರ್ ಅರವತ್ತು. ಒಳಗಿನ ಕೋಣೆ, ಗೋಡೆ ಎಲ್ಲ ಕೂಡಿಸಿದರೆ ಮೂವತ್ತೊಂಬತ್ತು ಇಪ್ಪತ್ತು. ಎರಡು ಮೀಟರ್ ನಲವತ್ತು ಎಲ್ಲೋ ತಪ್ಪಿಹೋಗಿತ್ತು. ಎರಡು ಸೆಂಟಿಮೀಟರ್ ತಪ್ಪಬಹುದು, ಎರಡು ಮೀಟರ್ ತಪ್ಪುವುದಿಲ್ಲ. ಕಪಾಟುಗಳ ಹಿಂದಿನ ಗೋಡೆ ಕಣ್ಣ ಮುಂದೆ ಬಂತು.

ಮರುದಿನ ಹನ್ನೆರಡಕ್ಕೆ ತಲೆನೋವಿಗೆ ಮಾತ್ರೆ ಕೊಂಡು ನಾನೇ ಮನೆಗೆ ಹೋಗುತ್ತೇನೆಂದು ಹೇಳಿ ಹಮೀದಾಕನ ಗಾಡಿಯಿಂದ ತಿರುವಿನಲ್ಲೇ ಇಳಿದೆ. ಅಬು ಸಾಲೆಹ್ ಮಧ್ಯಾಹ್ನದ ನಮಾಜಿಗೆ ಹೋದ ಹೊತ್ತು ನೋಡಿ ಒಳಗೆ ಹೋಗಿ ಪ್ರಯೋಗಾಲಯದ ದೊಡ್ಡ ಮೇಜಿನ ಹಿಂದೆ ಕೂತೆ. ಹೊರಗೆ ಬಿಸಿಲು ಬಿಳಿಯಾಗಿ ಉರಿಯುತ್ತಿತ್ತು. ಒಂದು ಗಂಟೆಗೆ ಧ್ವನಿವರ್ಧಕ ಕರೆಯಿತು. ಬಿಂತ್ ಯೂಸುಫ್. ಸಾಲಿನ ಕೊನೆಯ ಕಪಾಟು ನೆಲಕ್ಕೆ ಕೆರೆಯುತ್ತ ಒಂದು ಗೇಣು, ಆಮೇಲೆ ಇನ್ನೊಂದು ಗೇಣು ಸರಿಯಿತು. ಹಿಂದಿನ ಕತ್ತಲಿನಿಂದ ಒಂದು ಕೈ ಬಂತು, ಆಮೇಲೆ ತಲೆಗೆ ಸೆರಗು ಹೊದ್ದ ಮುದುಕಿ. ಬರಿಗಾಲು. ಗೋಡೆಗೆ ಒಂದು ಕೈ ಆನಿಸಿಕೊಂಡೇ, ಬಿಸಿಲಿನ ಚೂರುಗಳನ್ನು ತುಳಿಯದೆ ನೆರಳಿನಲ್ಲೇ ನಡೆಯುತ್ತಿದ್ದಳು. ನಾನು ಎದ್ದು ನಿಂತೆ. ಅವಳು ಕಿರುಚಲಿಲ್ಲ. ಕಣ್ಣು ಮುಚ್ಚಿಕೊಂಡು ನಿಂತುಬಿಟ್ಟಳು, ನಾನು ಮಾಯವಾಗಲೆಂದು ಕಾಯುವವಳ ಹಾಗೆ.

"ನೀವು ಯಾರು?" ಎಂದೆ. ಕನ್ನಡದಲ್ಲೇ ಬಂತು.

ಅವಳು ಕಣ್ಣು ಬಿಟ್ಟಳು. "ಯವ್ವಾ," ಎಂದಳು, "ಪೊಲೀಸರನ್ನ ಕರೀಬ್ಯಾಡ."

ಹೆಸರು ಖೈರುನ್ನಿಸಾ. ಬೀದರದವಳು. ಕನ್ನಡ ಅವಳ ಬಾಯಲ್ಲಿ ತಡವರಿಸಿ, ದಖನಿ ಉರ್ದುವಿಗೆ ಹೋಗಿ ಮತ್ತೆ ಬರುತ್ತಿತ್ತು. ಹರೆಯದಲ್ಲಿ ಒಂದು ಮನೆಯ ಕೆಲಸಕ್ಕೆಂದು ಬಂದಿದ್ದಳು. ಆ ಮನೆಯ ಯಜಮಾನ ಸತ್ತ, ಮಕ್ಕಳು ಮನೆ ಮಾರಿ ಚದುರಿದರು, ಅವಳ ಪಾಸ್‌ಪೋರ್ಟು ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಇಕಾಮಾ, ಅಂದರೆ ಅಲ್ಲಿ ಇರಲು ಬೇಕಾದ ಪರವಾನಗಿ, ಮುಗಿದು ಇಪ್ಪತ್ತು ವರ್ಷಗಳ ಮೇಲಾಗಿತ್ತು. ಕಾಲೇಜಿನ ಮೇಡಮ್ಮುಗಳು ಕನಿಕರದಿಂದ ಟೀ ಮಾಡಲು ಇಟ್ಟುಕೊಂಡರು. ಕಪಾಟುಗಳ ಹಿಂದೆ ರಾಸಾಯನಿಕ ಇಡುತ್ತಿದ್ದ ಕೋಣೆಯಲ್ಲಿ ಮಲಗುತ್ತಿದ್ದಳು. ಕಾಲೇಜು ಹೊಸ ಕ್ಯಾಂಪಸ್ಸಿಗೆ ಹೋದಾಗ ಅಲ್ಲಿ ಬಾಗಿಲಿಗೊಂದು ಕಾರ್ಡು, ಬೆರಳಚ್ಚು. ಕಾಗದವಿಲ್ಲದವಳು ಹಿಂದೆ ಉಳಿದಳು. ಅಬು ಸಾಲೆಹ್ ದಿನಾ ಊಟ ತಂದು, ನಾವೆಲ್ಲ ಹೋದೆವೆಂದುಕೊಂಡ ಮೇಲೆ, ಹಳೆಯ ಕಾರಿನ ಬ್ಯಾಟರಿಗೆ ಮೈಕ್ ಸಿಕ್ಕಿಸಿ ಕರೆಯುತ್ತಿದ್ದರು. ಊಟ ತೆಗೆದುಕೊಂಡು ಅವಳು ಹಿಂದಿನ ಕಾರಿಡಾರಿನಿಂದ ಮರಳುತ್ತಿದ್ದಳು.

"ನಮ್ಮಪ್ಪನ ಹೆಸರು ಹಿಡದು ಕರೀತಾನ. ಎಲ್ಲಾ ಹುಡಿಗ್ಯಾರನ್ನ ಕರದಂಗ. ನನ್ನ ಕರಕೊಂಡು ಹೋಗಾಕ ಯಾರೂ ಬರಂಗಿಲ್ಲ ಅಂತ ಅವಗೂ ಗೊತ್ತು," ಎಂದಳು.

"ಅವತ್ತು ಅಂಕಿ ಹೇಳಿದ್ದು ನೀವಾ?"

ಮುದುಕಿ ತಪ್ಪು ಮಾಡಿದ ಮಗುವಿನ ಹಾಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಅಪ್ಪ ಗೌಂಡಿ ಇದ್ದ, ಗ್ವಾಡಿ ಕಟ್ಟಾಂವ. ಟೇಪಿನ ತುದಿ ನಾ ಹಿಡೀತಿದ್ದೆ. ಅಂವ ಹೇಳಿದ್ದು ನಾ ತಿರುಗಿ ಹೇಳಬೇಕಿತ್ತು, ಇಲ್ಲಾಂದ್ರ ಬೈತಿದ್ದ. ನೀ ಹೇಳಿದಿ, ನನ್ನ ಬಾಯಿ ತಾನೇ ಹೇಳಿಬಿಡ್ತು. ನಾ ಏನ ಮಾಡ್ಲಿ?"

ಅಷ್ಟರಲ್ಲಿ ಅವಳು ಬಾರದ್ದಕ್ಕೆ ಅಬು ಸಾಲೆಹ್ ಹುಡುಕಿಕೊಂಡು ಬಂದರು. ನನ್ನನ್ನು ಕಂಡು ಅವರ ಮುಖ ಬೂದಿಯಾಯಿತು. ಕೈಯಲ್ಲಿದ್ದ ಅನ್ನದ ಪೊಟ್ಟಣವನ್ನು ಮೇಜಿನ ಮೇಲಿಟ್ಟು, "ಚಳಿಗಾಲ ಮುಗಿಯುವವರೆಗೆ ಕೆಡವುವುದಿಲ್ಲವಂತೆ. ಅಷ್ಟರೊಳಗೆ ನಾನು ಏನಾದರೂ ಮಾಡುತ್ತೇನೆ. ಯಾರಿಗೂ ಹೇಳಬೇಡ, ಮಗಳೇ," ಎಂದರು.

ನಾನು ಒಪ್ಪಿದೆ. ಕನಿಕರವೇ ಕಾರಣವೆಂದು ಆಗ ನನಗೆ ನಾನೇ ಹೇಳಿಕೊಂಡೆ. ಭಯವೂ ಇತ್ತು. ಕಾಗದವಿಲ್ಲದವರನ್ನು ಬಚ್ಚಿಟ್ಟರೆ ಆಗುವ ಶಿಕ್ಷೆ ಎಲ್ಲರಿಗೂ ಗೊತ್ತಿದ್ದದ್ದು; ವಿಷಯ ಹೊರಬಿದ್ದರೆ ನನ್ನ ಹೆಸರೂ ಸೇರಬಹುದಿತ್ತು. ನನ್ನ ಇಕಾಮಾ, ಸ್ಟ್ಯಾನಿಯ ಕೆಲಸ ಎಲ್ಲ ಕಣ್ಣ ಮುಂದೆ ಬಂದವು. ಹಮೀದಾಕನಿಗೊಬ್ಬರಿಗೇ ಹೇಳಿದೆ. ಅವರು ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿದರು.

"ಜಿನ್ನ್ ಆಗಿದ್ರೆ ಒಳ್ಳೇದಿತ್ತು ಬಾಯಿ. ಇದಕ್ಕೆ ಎಂತ ಓದುದು ಹೇಳಿ? ನಮ್ಮವರಲ್ಲಿ ಕಾಗದ ಮಾಡಿಸಿ ಊರಿಗೆ ಕಳಿಸುವವರು ಒಬ್ಬರಿದ್ದಾರೆ. ವಿಚಾರಿಸ್ತೇನೆ. ಆದ್ರೆ ಸಮಯ ಬೇಕು."

ನೌರಾ ಮಾತ್ರ ನಕ್ಷೆ ಬೇಕೆಂದು ದಿನವೂ ಕೇಳುತ್ತಿದ್ದಳು. ಆಗಸ್ಟಿನ ಕೊನೆಗೆ ಒಂದು ಮಧ್ಯಾಹ್ನ ನಾನು ಅದನ್ನು ಮುಗಿಸಿದೆ. ಪ್ರಯೋಗಾಲಯದ ಕೊನೆಯ ಗೋಡೆಯನ್ನು ಎಳೆದೆಳೆದು ಎರಡು ಮೀಟರ್ ನಲವತ್ತು ದಪ್ಪ ಮಾಡಿದೆ. ಕಾಂಕ್ರೀಟ್ ಎಂದು ತೋರಿಸುವ ಚುಕ್ಕೆಗಳನ್ನು ಅದರೊಳಗೆ ತುಂಬಿದೆ. ಒಂದು ಗುಂಡಿ ಒತ್ತಿದರೆ ಸಾಕು, ಜಾಗ ತುಂಬಿಹೋಗುತ್ತದೆ. ಲೆಕ್ಕ ಕೂಡಿಬಂತು. ಪರದೆಯ ಮೇಲಿನ ಆ ಚುಕ್ಕೆಗಳನ್ನು ನೋಡುತ್ತಿದ್ದಂತೆ, ಅದರೊಳಗೆ ಈಗ ಒಬ್ಬಳು ಅನ್ನ ಉಣ್ಣುತ್ತಿದ್ದಾಳೆ ಎಂಬುದು ನೆನಪಾಯಿತು. ಆದರೂ ಫೈಲನ್ನು ಕಳಿಸಿದೆ.

"ಇಷ್ಟು ದಪ್ಪದ ಗೋಡೆಯಾ?" ನೌರಾ ಕೇಳಿದಳು.

"ಹಳೆ ಕಾಲದ ಕಟ್ಟಡ. ಭಾರ ತಡೆಯಲು ಇರಬೇಕು."

ಅವಳು ನನ್ನನ್ನು ನಂಬಿದಳು. ಸಹಿ ಹಾಕಿದಳು.

ಅಕ್ಟೋಬರಿನ ಒಂದು ಭಾನುವಾರ, ಅಲ್ಲಿ ವಾರದ ಮೊದಲ ಕೆಲಸದ ದಿನ, ಬೆಳಿಗ್ಗೆ ಏಳೂವರೆಗೆ ಹಮೀದಾಕನ ಫೋನ್ ಬಂತು. ಉಸಿರು ಸಿಗುತ್ತಿರಲಿಲ್ಲ. "ಬಾಯಿ, ಚಳಿಗಾಲ ಮುಗೀಲಿ ಅಂದವರು ಈಗ್ಲೇ ಕಾಲೇಜಿನ ಹತ್ತಿರ ಮಿಷನ್ ತಂದಿದ್ದಾರೆ. ಮುದುಕ ಇಲ್ಲ. ಗುರುವಾರ ಎದೆನೋವು ಬಂದು ಆಸ್ಪತ್ರೆಗೆ ಹಾಕಿದ್ದಾರಂತೆ. ಬಾಗಿಲಲ್ಲಿ ಹೊಸ ವಾಚ್‌ಮನ್. ನನ್ನನ್ನು ಒಳಗೆ ಬಿಡುದಿಲ್ಲ."

ಗುರುವಾರದಿಂದ. ಅಂದರೆ ಮೂರು ದಿನ ಯಾರೂ ಕರೆದಿಲ್ಲ. ಯಾರೂ ಕರೆಯದೆ ಅವಳು ಹೊರಗೆ ಬರುವವಳಲ್ಲ.

ನಾನು ಟ್ಯಾಕ್ಸಿಯಲ್ಲಿ ಹೋಗಿ ಇಳಿಯುವಾಗ ಹೊರಗಿನ ಗೋಡೆ ಆಗಲೇ ಬಿದ್ದಿತ್ತು. ಇಷ್ಟು ವರ್ಷ ಯಾರಿಗೂ ಕಾಣದ ಅಂಗಳ ಬೀದಿಗೆ ತೆರೆದುಕೊಂಡು ನಿಂತಿತ್ತು. ಮೂರನೆಯ ಅಂಗಳದಲ್ಲಿ ದೊಡ್ಡ ಯಂತ್ರವೊಂದು ತನ್ನ ತೋಳನ್ನು ಎತ್ತಿ ವಿಜ್ಞಾನ ವಿಭಾಗದ ಮಾಡಿಗೆ, ಚಾವಣಿಯ ತುದಿಗೆ, ಆನಿಸಿತ್ತು. ನೌರಾ ತಲೆಗೆ ಹೆಲ್ಮೆಟ್ ಹಾಕಿಕೊಂಡು ಫೋರ್‌ಮನ್ನಿನ ಪಕ್ಕದಲ್ಲಿದ್ದಳು. ಅವರ ಕೈಯಲ್ಲಿದ್ದದ್ದು ನನ್ನದೇ ನಕ್ಷೆ. ಫೋರ್‌ಮನ್ ಆ ದಪ್ಪ ಗೋಡೆಯನ್ನು ಬೆರಳಿನಿಂದ ತೋರಿಸಿ, ಎಲ್ಲಕ್ಕಿಂತ ಗಟ್ಟಿ ಭಾಗ ಇದೇ, ಮೊದಲು ಇದನ್ನೇ ಒಡೆಯೋಣ ಎಂದು ಅವಳಿಗೆ ವಿವರಿಸುತ್ತಿದ್ದ.

"ನಿಲ್ಲಿಸಿ. ಅದು ಗೋಡೆಯಲ್ಲ," ಎಂದೆ.

ನೌರಾಳಿಗೆ ಅರ್ಥವಾಗಲಿಲ್ಲ.

"ಅದು ಕೋಣೆ. ನಾನು ಸುಳ್ಳು ಬರೆದೆ. ಅದರೊಳಗೆ ಮನುಷ್ಯರಿದ್ದಾರೆ, ನೌರಾ."

ಫೋರ್‌ಮನ್ ಒಂದು ಕ್ಷಣವೂ ತಡಮಾಡಲಿಲ್ಲ. ಕೈಯೆತ್ತಿ ಯಂತ್ರ ನಿಲ್ಲಿಸಿದ. ಹಮೀದಾಕ ವಾಚ್‌ಮನ್ನಿನ ಕೈ ಬಿಡಿಸಿಕೊಂಡು ಓಡಿಬಂದರು. ಪ್ರಯೋಗಾಲಯದ ಮಾಡಿನಿಂದ ಸಿಮೆಂಟಿನ ಪುಡಿ ಉದುರುತ್ತಿತ್ತು. ಕಪಾಟನ್ನು ಎಳೆದೆವು. ಒಳಗಿನಿಂದ ಏನೂ ಸದ್ದಿಲ್ಲ. ಮೊಬೈಲಿನ ಬೆಳಕು ಬಿಟ್ಟಾಗ ಅವಳು ಚಾಪೆಯ ಮೇಲೆ, ಬುರ್ಖಾ ಹಾಕಿಕೊಂಡು, ತೊಡೆಯ ಮೇಲೆ ಒಂದು ಬಟ್ಟೆಯ ಚೀಲ ಇಟ್ಟುಕೊಂಡು ನೆಟ್ಟಗೆ ಕೂತಿದ್ದಳು. ಇಷ್ಟೆಲ್ಲ ಸದ್ದು ಕೇಳಿಯೂ ಅಲುಗಾಡಿರಲಿಲ್ಲ. ತುಟಿ ಬಿರಿದಿತ್ತು. ನನ್ನನ್ನು ನೋಡಿ ಕೇಳಿದ್ದು ಒಂದೇ ಮಾತು:

"ಅಬು ಸಾಲೆಹ್ ಸತ್ತನೇನವ್ವಾ?"

"ಇಲ್ಲ. ಆಸ್ಪತ್ರೆಯಲ್ಲಿದ್ದಾರೆ. ಏಳಿ."

ಹಮೀದಾಕ ಆಕೆಯನ್ನು ಎತ್ತಿಕೊಂಡೇ ಹೊರಗೆ ತಂದರು. ಬಿಸಿಲು ಬಿದ್ದ ಕೂಡಲೇ ಅವಳು ಅವರ ಹೆಗಲಿನಲ್ಲಿ ಮುಖ ಮುಚ್ಚಿಕೊಂಡಳು. ನೌರಾ ಸ್ವಲ್ಪ ದೂರದಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದಳು. ಪೊಲೀಸರಿಗೆ ಇರಬೇಕೆಂದು ನಾನು ಎಲ್ಲಕ್ಕೂ ಸಿದ್ಧಳಾದೆ. ಅವಳು ಕರೆದದ್ದು ತನ್ನ ತಾಯಿಯನ್ನು. ಅರ್ಧ ಗಂಟೆಯಲ್ಲಿ ಗಾಡಿಯಿಂದ ಇಳಿದ ಆ ಹೆಂಗಸು ಮುದುಕಿಯ ಮುಂದೆ ಮಂಡಿಯೂರಿ, "ಖಾಲಾ, ನೀನು ಇನ್ನೂ ಇಲ್ಲೇ ಇದ್ದೀಯಾ?" ಎಂದು ಗಲ್ಲ ಹಿಡಿದು ಅತ್ತಳು. ನೇರ ತನ್ನ ಮನೆಗೆ ಕರೆದುಕೊಂಡು ಹೋದಳು.

ಅವರು ಹೋದ ಮೇಲೆ ನೌರಾ ನನ್ನ ಹತ್ತಿರ ಬಂದಳು. "ನೀನು ಒಬ್ಬ ಹೆಂಗಸಿನ ಸುತ್ತ ಕಾಂಕ್ರೀಟ್ ತುಂಬಿದೆ, ಜೆಸಿಂತಾ. ಅದಕ್ಕೆ ನನ್ನ ಸಹಿ ಹಾಕಿಸಿದೆ. ಕನಿಕರದಿಂದ ಮಾಡಿದೆ ಎಂದು ಮಾತ್ರ ಹೇಳಬೇಡ." ಅವಳು ಯಂತ್ರದವರಿಂದ ಒಂದು ಗಂಟೆ ಕೇಳಿ ಪಡೆದು, ನನ್ನ ಕೈಗೆ ಟೇಪ್ ಕೊಟ್ಟಳು. "ಹೋಗಿ ಅಳೆ."

ಒಬ್ಬಳೇ ಅಳೆದೆ. ಅಗಲ ಎರಡು ಇಪ್ಪತ್ತು, ನಡುವಿನ ಗೋಡೆ ಇಪ್ಪತ್ತು ಸೆಂಟಿಮೀಟರ್, ಉದ್ದ ಐದು ಎಂಬತ್ತು. ಕಿಟಕಿ ಇಲ್ಲ, ಮಾಡಿನ ಹತ್ತಿರ ಒಂದು ಗಾಳಿಕಂಡಿ. ಒಂದು ಸ್ಟವ್. ಟೀ ಲೋಟಗಳು, ಎಲ್ಲ ತೊಳೆದು ಬೋರಲು ಹಾಕಿದ್ದು. ಗೋಡೆಯ ಮೇಲೆ ಹುಡುಗಿಯರು ಕೊಟ್ಟುಹೋದ ಹಸ್ತಾಕ್ಷರದ ಚೀಟಿಗಳು, ಹಲವು ಬ್ಯಾಚಿನವು, ಹಳದಿಯಾಗಿ ಸುರುಳಿ ಸುತ್ತಿದ್ದವು. ನಾನು ಹೊರಗೆ ಬಂದ ಹತ್ತು ನಿಮಿಷಕ್ಕೆ ಯಂತ್ರದ ತೋಳು ಇಳಿಯಿತು. ಗೋಡೆ ಬೀಳಲು ಒಂದೇ ಏಟು ಸಾಕಾಯಿತು. ಒಳಗೆ ಟೊಳ್ಳು.

ಅಬು ಸಾಲೆಹ್ ಗುಣವಾಗಿ ತಬೂಕಿನಲ್ಲಿದ್ದ ಮಗನ ಮನೆಗೆ ಹೋದರು. ಖೈರುನ್ನಿಸಾ ನೌರಾಳ ಮನೆಯಲ್ಲಿ ಮೂರು ತಿಂಗಳಿದ್ದಳು. ಆ ಮನೆಯವರ ಓಡಾಟ, ಹಮೀದಾಕ ಹೇಳಿದ್ದ ಆ ಮನುಷ್ಯನ ಸಹಾಯ ಎಲ್ಲ ಸೇರಿ ಕಾಗದ ಆಯಿತು. ಜನವರಿಯಲ್ಲಿ ಅವಳು ವಿಮಾನ ಹತ್ತಿ, ಬೀದರದಲ್ಲಿ ತಮ್ಮನ ಮಕ್ಕಳ ಮನೆ ಸೇರಿದಳು. ಕಚೇರಿಯಲ್ಲಿ ನನ್ನನ್ನು ನಕ್ಷೆಯ ಕೆಲಸದಿಂದ ತೆಗೆದು ಪ್ರಿಂಟಿನ ಕೋಣೆಗೆ ಹಾಕಿದರು. ಒಪ್ಪಂದ ಮುಗಿದಾಗ ಮುಂದುವರಿಸಲಿಲ್ಲ. ನನಗೆ ಅದರ ಬಗ್ಗೆ ದೂರಿಲ್ಲ.

ಹೊರಡುವ ವಾರ ನೌರಾ ಪ್ರಿಂಟಿನ ಕೋಣೆಗೆ ಬಂದಳು. ತಿದ್ದಿದ ನಕ್ಷೆಯನ್ನು ದಾಖಲೆಗೆ ಮತ್ತೆ ಕೊಡಬೇಕಿತ್ತು. ಕಟ್ಟಡ ನೆಲಸಮವಾಗಿ, ಅಲ್ಲಿ ಹೊಸ ರಸ್ತೆಯ ಗುರುತು ಬಿದ್ದಾಗಿತ್ತು. ಆದರೂ ಕಾಗದದಲ್ಲಿ ಸರಿ ಇರಬೇಕೆಂಬುದು ಅವಳ ಹಟ. ನಾನು ಅಳೆದ ಕೋಣೆಯನ್ನು ತಾನೇ ಬಿಡಿಸಿಕೊಂಡು ಬಂದಿದ್ದಳು. ಉಳಿದ ಕೋಣೆಗಳ ಮೇಲೆಲ್ಲ ಹೆಸರಿತ್ತು, ಗ್ರಂಥಾಲಯ, ಪ್ರಯೋಗಾಲಯ, ಪ್ರಾರ್ಥನೆ. ಇದೊಂದು ಖಾಲಿ.

"ಅವಳ ಹೆಸರನ್ನೇ ಬರೆಯಬೇಕೆಂದಿದ್ದೇನೆ. ಒಮ್ಮೆ ಕೇಳಿ ನೋಡುತ್ತೀಯಾ? ನಿನ್ನ ಭಾಷೆಯಲ್ಲಿ ಕೇಳು," ಎಂದಳು. ಅಕ್ಟೋಬರಿನ ನಂತರ ಅವಳು ನನ್ನೊಡನೆ ಇಷ್ಟು ಮಾತಾಡಿದ್ದು ಅದೇ ಮೊದಲು.

ನಾನು ಬೀದರಕ್ಕೆ ಫೋನ್ ಮಾಡಿದೆ. ಯಾವುದೋ ಮಗು ಎತ್ತಿ ಅಜ್ಜಿಗೆ ಕೊಟ್ಟಿತು. ಹಿಂದೆ ಕೋಳಿ ಕೂಗುತ್ತಿತ್ತು, ಯಾರೋ ನಗುತ್ತಿದ್ದರು. ನಕ್ಷೆ, ದಾಖಲೆ, ಕೋಣೆ ಎಲ್ಲ ವಿವರಿಸಿ ಹೇಳಿದೆ. ಆ ಕಟ್ಟಡ ಈಗ ಇಲ್ಲ, ನೀವು ನಿಮ್ಮ ಊರಿನಲ್ಲಿದ್ದೀರಿ ಎಂದೂ ಹೇಳಿದೆ. ಅವಳು ಧ್ವನಿ ತಗ್ಗಿಸಿ, ಪಕ್ಕದಲ್ಲಿ ಯಾರೋ ಕೇಳಿಸಿಕೊಳ್ಳುತ್ತಿದ್ದಾರೇನೋ ಎಂಬಂತೆ ಪಿಸುಗುಟ್ಟಿದಳು.

"ಬ್ಯಾಡ ತಾಯಿ. ಹೆಸರು ಬರೀಬ್ಯಾಡ. ಹುಡಿಕ್ಕೊಂಡು ಬಂದಾರು. ಸ್ಟೋರ್ ಅಂತ ಬರೀ."

ನೌರಾ ನನ್ನ ಮುಖ ನೋಡುತ್ತಿದ್ದಳು. ನಾನು ಹೇಳಿದೆ. ಅವಳು ಪೆನ್ನು ತೆಗೆದು ಆ ಖಾಲಿ ಕೋಣೆಯ ಮೇಲೆ ಸ್ಟೋರ್ ಎಂದೇ ಬರೆದಳು.